ಬಾತು ಮರಿಗೆ ರೊಟ್ಟಿ ಕೊಟ್ಟಿದ್ದೀರಿ, ಶೇಂಗಾ ಚಟ್ನಿ ಮರೆತಿದ್ದೀರಿ

ಪ್ರಶ್ನೆ: ನಾವು ಹಾನಗಲ್ ತಾಲ್ಲೂಕಿನ ಹಳ್ಳಿಯವರು. ಮಗಳು ಹಟ ಹಿಡಿದಳು ಅಂತ ಹುಬ್ಬಳ್ಳಿಯಿಂದ ನಾಲ್ಕು ಬಾತು ಮರಿ ತಂದೆವು. ಈಗ ಅವಕ್ಕೆ 18 ದಿನ. ಮೂರು ಓಡಾಡುತ್ತಿವೆ. ಎಲ್ಲಕ್ಕಿಂತ ದಪ್ಪಗಿದ್ದ ಒಂದು ಮರಿ ನಾಲ್ಕು ದಿನದಿಂದ ಏಳುತ್ತಿಲ್ಲ. ಮೊಣಕಾಲ ಮೇಲೆ ಕೂತುಕೊಂಡು, ರೆಕ್ಕೆ ಊರಿಕೊಂಡು ತೆವಳುತ್ತದೆ. ಕಾಲು ಹೊರಗೆ ಬಾಗಿದೆ, ಗಂಟು ದಪ್ಪ ಆಗಿದೆ. ಆದರೆ ಹಸಿವು ಚೆನ್ನಾಗಿದೆ. ಜೋಳದ ನುಚ್ಚು, ಗೋವಿನಜೋಳದ ಹಿಟ್ಟು, ಅನ್ನ ಹಾಕುತ್ತೇವೆ. ರಟ್ಟಿನ ಡಬ್ಬಿಯಲ್ಲಿ ಪೇಪರ್ ಹಾಸಿ, ಎಲ್‌ಇಡಿ ಬಲ್ಬ್ ಹಚ್ಚಿ ಇಟ್ಟಿದ್ದೇವೆ. ಅಂಗಡಿಯವರು ಒಂದು ಟಾನಿಕ್ ಕೊಟ್ಟರು. ಅದರ ಮೇಲೆ ಎ, ಡಿ3, ಇ, ಬಿ12 ಎಂದಿದೆ. ಆ್ಯಂಟಿಬಯಾಟಿಕ್ ಕೊಡಬೇಕಾ? ಏನು ತಿನ್ನಿಸಿದರೆ ಎದ್ದು ನಿಲ್ಲುತ್ತದೆ? ಮಗಳು ದಿನಾ ಅಳುತ್ತಾಳೆ. ಅದು ಕೆರೆಗೆ ಹೋಗುತ್ತದಾ ಅಂತ ಕೇಳುತ್ತಾಳೆ.

ಉತ್ತರ: ಮೊದಲು ಮಗಳಿಗೆ ಹೇಳಿ, ಮರಿ ಉಳಿಯುವ ಸಾಧ್ಯತೆ ಜಾಸ್ತಿ ಇದೆ. ನೀವು ಬರೆದದ್ದರಲ್ಲಿ ನನಗೆ ಧೈರ್ಯ ಕೊಟ್ಟ ಮಾತು ಒಂದೇ: ಹಸಿವು ಚೆನ್ನಾಗಿದೆ. ಸೋಂಕು ತಗುಲಿದ ಬಾತು ಮರಿ ಸಾಮಾನ್ಯವಾಗಿ ಮೊದಲು ಊಟ ಬಿಡುತ್ತದೆ, ಕಣ್ಣು ಮುಚ್ಚಿ ಮೂಲೆ ಸೇರುತ್ತದೆ. ನಿಮ್ಮದು ತೆವಳಿಕೊಂಡಾದರೂ ತಟ್ಟೆ ಹತ್ತಿರ ಬರುತ್ತಿದೆ. ಕಾಲು ಸೋತಿದೆ, ಮರಿ ಸೋತಿಲ್ಲ.

ಇದು ನಯಾಸಿನ್ ಕೊರತೆ ಎಂದು ನನಗೆ ಅನ್ನಿಸುತ್ತದೆ. ಬಿ ಗುಂಪಿನ ಒಂದು ವಿಟಮಿನ್ ಅದು, ಬಿ3 ಅಂತಲೂ ಕರೆಯುತ್ತಾರೆ. ಎರಡು, ಮೂರು ವಾರದ ಬಾತು ಮರಿ ಕಾಲು ಬಾಗಿಸಿಕೊಂಡು, ಗಂಟು ದಪ್ಪ ಮಾಡಿಕೊಂಡು ಕೂತಿತು ಅಂದರೆ ನಾನು ಮೊದಲು ಕೇಳುವ ಪ್ರಶ್ನೆ "ಏನು ಹಾಕುತ್ತಿದ್ದೀರಿ?" ಅಂತ. ಜೋಳ, ಗೋವಿನಜೋಳ, ಅನ್ನ ಅಂದ ಕೂಡಲೇ ಅರ್ಧ ಉತ್ತರ ಸಿಕ್ಕಂತೆ.

ಬಾತು ಮರಿಯನ್ನು ನಾವು ಕೋಳಿ ಮರಿ ಎಂದೇ ಸಾಕುತ್ತೇವೆ. ತಪ್ಪು ಅಲ್ಲಿಂದ ಶುರು. ಕೋಳಿ ಮರಿಗೆ ಒಂದು ಕಿಲೋ ಆಹಾರದಲ್ಲಿ 27ರಿಂದ 35 ಮಿಲಿಗ್ರಾಂ ನಯಾಸಿನ್ ಇದ್ದರೆ ಸಾಕು. ಬಾತು ಮರಿಗೆ 55 ಮಿಲಿಗ್ರಾಂ ಬೇಕು. ಇಷ್ಟು ವ್ಯತ್ಯಾಸ ಯಾಕೆ ಅಂದರೆ, ಪ್ರೋಟೀನಿನಲ್ಲಿ ಟ್ರಿಪ್ಟೊಫ್ಯಾನ್ ಅನ್ನುವ ಒಂದು ಅಂಶ ಇರುತ್ತದೆ. ಅದರಿಂದ ಸ್ವಲ್ಪ ನಯಾಸಿನ್ ಮಾಡಿಕೊಳ್ಳುವ ಶಕ್ತಿ ಕೋಳಿಗೆ ಇದೆ. ಬಾತಿಗೆ ಆ ಶಕ್ತಿ ಬಹಳ ಕಡಿಮೆ. ಹಾಗಾಗಿ ಅದು ಸಿದ್ಧ ನಯಾಸಿನ್ನನ್ನೇ ತಿನ್ನಬೇಕು. ಅದರ ಮೇಲೆ ಬಾತು ಮರಿ ಬೆಳೆಯುವ ವೇಗ ನೋಡಿದ್ದೀರಲ್ಲ? ದಿನದಿಂದ ದಿನಕ್ಕೆ ಕಣ್ಣಿಗೆ ಕಾಣುವಂತೆ ತೂಕ ಏರುತ್ತದೆ. ಮೈ ಬೆಳೆಯಿತು, ಕಾಲಿಗೆ ಬಲ ಬರಲಿಲ್ಲ. ನಾಲ್ಕರಲ್ಲಿ ದಪ್ಪಗಿದ್ದದ್ದೇ ಮೊದಲು ಕುಸಿದದ್ದು ಅದಕ್ಕೇ. ಉಳಿದ ಮೂರು ಆರಾಮಾಗಿವೆ ಅಂತ ಸುಮ್ನೆ ಇರಬೇಡಿ. ಅವೂ ಅದೇ ತಿಂದಿವೆ. ಹಿಂದಿನಿಂದ ನಿಂತು ನೋಡಿ, ಅವುಗಳ ಕಾಲೂ ಸ್ವಲ್ಪ ಬಾಗಿರಬಹುದು.

ಈಗ ನಮ್ಮ ಜೋಳದ ಮಾತು. ಜೋಳ, ಗೋವಿನಜೋಳ ಎರಡರಲ್ಲೂ ನಯಾಸಿನ್ ಇಲ್ಲವೇ ಇಲ್ಲ ಅಂತಲ್ಲ. ಆದರೆ ಗೋವಿನಜೋಳದಲ್ಲಿ ಇರುವ ಹೆಚ್ಚಿನ ಪಾಲು ಕಾಳಿನ ಒಳಗೆ ಕಟ್ಟಿಹಾಕಿದಂತೆ ಇರುತ್ತದೆ, ಹೊಟ್ಟೆಗೆ ಬಿಟ್ಟುಕೊಡುವುದಿಲ್ಲ. ಮನುಷ್ಯರಲ್ಲೂ ಇದೇ ಕಥೆ ನಡೆದಿದೆ. ಗೋವಿನಜೋಳವನ್ನೇ ನೆಚ್ಚಿಕೊಂಡು ಬದುಕಿದ ಯುರೋಪಿನ, ಅಮೆರಿಕದ ಬಡವರಿಗೆ ಪೆಲಾಗ್ರಾ ಅನ್ನುವ ಕಾಯಿಲೆ ಬರುತ್ತಿತ್ತು. ಚರ್ಮ ಸುಲಿಯುವುದು, ಭೇದಿ, ಕೊನೆಗೆ ಬುದ್ಧಿಭ್ರಮೆ. ಬಹಳ ಕಾಲ ಅದನ್ನು ಅಂಟುರೋಗ ಎಂದೇ ನಂಬಿದವರಿದ್ದರು. 1937ರಲ್ಲಿ ಅಮೆರಿಕದ ವಿಜ್ಞಾನಿ ಕಾನ್ರಾಡ್ ಎಲ್ವೆಹ್ಯೆಮ್ ಅವರು ನಾಯಿಗಳಿಗೆ ಬರುವ "ಕಪ್ಪು ನಾಲಿಗೆ" ಕಾಯಿಲೆ ನಿಕೋಟಿನಿಕ್ ಆಸಿಡ್‌ನಿಂದ, ಅಂದರೆ ಇದೇ ನಯಾಸಿನ್‌ನಿಂದ ವಾಸಿಯಾಗುತ್ತದೆ ಎಂದು ತೋರಿಸಿದರು. ಆಮೇಲೆ ಪೆಲಾಗ್ರಾಕ್ಕೂ ಅದೇ ಮದ್ದಾಯಿತು. ನಮ್ಮ ದಖ್ಖನ್ನಿನಲ್ಲಿ ಜೋಳ ಉಣ್ಣುವ ಬಡವರಲ್ಲೂ ಪೆಲಾಗ್ರಾ ಕಂಡಿತ್ತು. ಜೋಳದಲ್ಲಿ ಲ್ಯೂಸಿನ್ ಅನ್ನುವ ಅಂಶ ಜಾಸ್ತಿ, ಅದು ನಯಾಸಿನ್‌ಗೆ ಅಡ್ಡ ಬರುತ್ತದೆ ಎಂಬ ವಿಚಾರವನ್ನು 1960ರಲ್ಲಿ ಹೈದರಾಬಾದಿನ ಡಾ. ಸಿ. ಗೋಪಾಲನ್ ಮತ್ತು ಸಂಗಡಿಗರು ಮುಂದಿಟ್ಟರು.

ಹಾಗಾದರೆ ದಿನಾ ಜೋಳದ ರೊಟ್ಟಿ ತಿನ್ನುವ ನಮಗೆ ಯಾಕೆ ಏನೂ ಆಗುವುದಿಲ್ಲ? ನಮ್ಮ ತಾಟು ನೆನಪು ಮಾಡಿಕೊಳ್ಳಿ. ರೊಟ್ಟಿ ಪಕ್ಕದಲ್ಲಿ ಶೇಂಗಾ ಚಟ್ನಿ ಇರುತ್ತದೆ. ಕಾಳು ಪಲ್ಯ, ಸೊಪ್ಪು, ಮೊಸರು ಇರುತ್ತದೆ. 100 ಗ್ರಾಂ ಶೇಂಗಾದಲ್ಲಿ ಸುಮಾರು 12 ಮಿಲಿಗ್ರಾಂ ನಯಾಸಿನ್ ಇದೆ. ನಮ್ಮ ಹಿರಿಯರು ಯಾವ ಲೆಕ್ಕವೂ ಬರೆಯದೆ ಆ ತಾಟನ್ನು ಸರಿಮಾಡಿ ಇಟ್ಟಿದ್ದಾರೆ. ನಿಮ್ಮ ಮರಿಗೆ ರೊಟ್ಟಿಯ ಪಾಲು ಸಿಕ್ಕಿತು, ಚಟ್ನಿಯ ಪಾಲು ಸಿಗಲಿಲ್ಲ. ಇಷ್ಟೇ ಆಗಿರುವುದು. ನಿಮ್ಮ ಪ್ರೀತಿಯಲ್ಲಿ ಕೊರತೆ ಇರಲಿಲ್ಲ, ತಾಟಿನಲ್ಲಿ ಇತ್ತು.

ಇವತ್ತೇ ಮಾಡಬೇಕಾದ್ದು ಹೇಳುತ್ತೇನೆ. ಔಷಧ ಅಂಗಡಿಯಲ್ಲಿ ಮನುಷ್ಯರ ಬಿ ಕಾಂಪ್ಲೆಕ್ಸ್ ಗುಳಿಗೆ ಸಿಗುತ್ತದೆ. ಗುಳಿಗೆ ಪಟ್ಟಿಯ ಹಿಂಬದಿ ಬರೆದದ್ದನ್ನು ಓದಿ. ನಯಾಸಿನಮೈಡ್ ಅಥವಾ ನಿಕೋಟಿನಮೈಡ್ ಎಷ್ಟಿದೆ ನೋಡಿ. ಎರಡೂ ಒಂದೇ, ನಯಾಸಿನ್ನಿನದೇ ಒಂದು ರೂಪ. ಹೆಸರು ಕೇಳಿ ಹೆದರಬೇಡಿ, ತಂಬಾಕಿನ ನಿಕೋಟಿನ್ ಬೇರೆ, ಇದು ಬೇರೆ. ಕೆಲವು ಗುಳಿಗೆಯಲ್ಲಿ 100 ಮಿಲಿಗ್ರಾಂ ಇರುತ್ತದೆ, ಕೆಲವದರಲ್ಲಿ 50 ಅಥವಾ ಅದಕ್ಕೂ ಕಡಿಮೆ. ನಮಗೆ ಬೇಕಾದ್ದು ಒಂದು ಲೀಟರ್ ಕುಡಿಯುವ ನೀರಿಗೆ 30ರಿಂದ 40 ಮಿಲಿಗ್ರಾಂ. ಅಂದರೆ 100ರ ಗುಳಿಗೆಯಾದರೆ ಅರ್ಧ ಪುಡಿ ಮಾಡಿ ಒಂದೂವರೆ ಲೀಟರ್ ನೀರಿಗೆ ಕಲಸಿ. ನಾಲ್ಕೂ ಮರಿ ಅದನ್ನೇ ಕುಡಿಯಲಿ, ಬೇರೆ ನೀರು ಇಡಬೇಡಿ. ನೀರು ಹಳದಿ ಆಗುತ್ತದೆ, ವಾಸನೆ ಬರುತ್ತದೆ, ಪರವಾಗಿಲ್ಲ. ದಿನಾ ಹೊಸದಾಗಿ ಕಲಸಿ, ಬಿಸಿಲಿಗೆ ಇಡಬೇಡಿ. ಬಿ ಗುಂಪಿನ ಕೆಲವು ವಿಟಮಿನ್ ಬೆಳಕಿಗೆ ಹಾಳಾಗುತ್ತವೆ.

ಎರಡು ತಪ್ಪು ಮಾಡಬೇಡಿ. ಕಬ್ಬಿಣಾಂಶ ಸೇರಿಸಿದ ಗುಳಿಗೆ ತರಬೇಡಿ. ಕೊಲೆಸ್ಟ್ರಾಲ್‌ಗೆ ಕೊಡುವ 500 ಮಿಲಿಗ್ರಾಂನ ನಯಾಸಿನ್ ಗುಳಿಗೆಯನ್ನೂ ತರಬೇಡಿ. ನಯಾಸಿನ್ ನೀರಲ್ಲಿ ಕರಗುವಂಥದ್ದು, ಸ್ವಲ್ಪ ಹೆಚ್ಚಾದರೆ ಹೊರಗೆ ಹೋಗುತ್ತದೆ. ಹಾಗಂತ ಬೇಗ ಏಳಲಿ ಎಂದು ಹತ್ತು ಪಟ್ಟು ಹಾಕಿದರೆ ಬೇಗ ಏಳುವುದಿಲ್ಲ.

ಅಂಗಡಿಯವರು ಕೊಟ್ಟ ಟಾನಿಕ್ ವಿಷಯ. ಎ, ಡಿ3, ಇ, ಬಿ12 ಇವು ನಾಲ್ಕೂ ಬೇಕಾದವೇ. ಆದರೆ ನಿಮ್ಮ ಮರಿ ಕೇಳುತ್ತಿರುವ ವಿಟಮಿನ್ ಅದರಲ್ಲಿ ಇಲ್ಲ. "ವಿಟಮಿನ್ ಕೊಟ್ಟೆವು, ಆದರೂ ಏಳಲಿಲ್ಲ" ಅಂತ ತುಂಬಾ ಜನ ನನ್ನ ಹತ್ತಿರ ಹೇಳಿದ್ದಾರೆ. ಬಾಟಲಿ ತಿರುಗಿಸಿ ನೋಡಿದರೆ ಪ್ರತಿ ಸಲ ಇದೇ ನಾಲ್ಕು ಹೆಸರು. ಅದನ್ನು ಬಾಟಲಿ ಮೇಲೆ ಬರೆದ ಪ್ರಮಾಣದಲ್ಲಿ ನಾಲ್ಕೈದು ದಿನ ಕೊಟ್ಟು ನಿಲ್ಲಿಸಿ. ಎ ಮತ್ತು ಡಿ ಮೈಯಲ್ಲಿ ಉಳಿದುಕೊಳ್ಳುತ್ತವೆ, ವಾರಗಟ್ಟಲೆ ಕೊಡುವಂಥದ್ದಲ್ಲ.

ಮರಿ ನೀರಿನ ಬಟ್ಟಲಿಗೆ ಹೋಗಲಾರದಿದ್ದರೆ ನೀವೇ ಕುಡಿಸಬೇಕು. ಬಾಯಿ ಬಿಡಿಸಿ ಸುರಿಯಬೇಡಿ. ಉಸಿರಿನ ದಾರಿ ನಾಲಿಗೆಯ ಬುಡದಲ್ಲೇ ತೆರೆದಿರುತ್ತದೆ, ನೀರು ಅಲ್ಲಿಗೆ ಹೋದರೆ ಮುಗಿಯಿತು. ಕೊಕ್ಕಿನ ಪಕ್ಕಕ್ಕೆ ಡ್ರಾಪರ್‌ನಿಂದ ಒಂದೊಂದೇ ಹನಿ ಮುಟ್ಟಿಸಿ. ಅದು ತಾನೇ ಚಪ್ಪರಿಸಿ ನುಂಗುತ್ತದೆ. ತೀರಾ ಸುಸ್ತಾಗಿದ್ದರೆ ಮೊದಲ ಕೆಲವು ಗಂಟೆ ಒಂದು ಲೋಟ ಉಗುರು ಬೆಚ್ಚಗಿನ ನೀರಿಗೆ ಒಂದು ಚಮಚ ಬೆಲ್ಲ ಕರಗಿಸಿ ಹೀಗೇ ಕುಡಿಸಬಹುದು.

ಊಟ. ಮೂರನೇ ವಾರದ ಮರಿಗೆ ಶೇಕಡಾ 18ರಿಂದ 20ರಷ್ಟು ಪ್ರೋಟೀನ್ ಬೇಕು. ಜೋಳ, ಅನ್ನದಲ್ಲಿ ಅದರ ಅರ್ಧದಷ್ಟು ಅಥವಾ ಅದಕ್ಕೂ ಕಡಿಮೆ ಇರುತ್ತದೆ. ಹುಬ್ಬಳ್ಳಿ, ಹಾವೇರಿ, ರಾಣೆಬೆನ್ನೂರಿನಲ್ಲಿ ಕೋಳಿ ಆಹಾರದ ಅಂಗಡಿಗಳಿವೆ. ಕೋಳಿ ಮರಿಗಳ ಸ್ಟಾರ್ಟರ್ ಫೀಡ್ ಕೇಳಿ, ಔಷಧ ಬೆರೆಸದ್ದು ಬೇಕು ಎಂದು ಹೇಳಿ. ಮೊಟ್ಟೆ ಕೋಳಿಗೆ ಹಾಕುವ ಲೇಯರ್ ಫೀಡ್ ಕೊಟ್ಟರೆ ತರಬೇಡಿ. ಅದರಲ್ಲಿ ಕ್ಯಾಲ್ಸಿಯಂ ನಾಲ್ಕು ಪಟ್ಟಿನಷ್ಟು ಇರುತ್ತದೆ, ಎಳೆಯ ಮರಿಯ ಮೂತ್ರಪಿಂಡ ಕೆಡಿಸುತ್ತದೆ. ಕಾಲು ಬಾಗಿದೆ ಎಂದ ಕೂಡಲೇ ಸುಣ್ಣ, ಮೊಟ್ಟೆ ಚಿಪ್ಪಿನ ಪುಡಿ ಹಾಕುವವರಿಗೂ ಇದೇ ಮಾತು. ಮರಿಗೆ ಬೇಕಾದಷ್ಟು ಕ್ಯಾಲ್ಸಿಯಂ ಸ್ಟಾರ್ಟರ್ ಫೀಡಿನಲ್ಲೇ ಇರುತ್ತದೆ. ಮೇಲಾಗಿ ಕ್ಯಾಲ್ಸಿಯಂ ಅತಿಯಾದರೆ ಮ್ಯಾಂಗನೀಸ್, ಸತುವು ಮೈಗೆ ಹತ್ತುವುದಿಲ್ಲ. ಆಗ ಕಾಲಿಗೆ ಇನ್ನೊಂದು ತೊಂದರೆ ಶುರುವಾಗುತ್ತದೆ.

ಆ ಸ್ಟಾರ್ಟರ್ ಫೀಡ್ ಕೋಳಿ ಮರಿಯ ಲೆಕ್ಕಕ್ಕೆ ಮಾಡಿದ್ದು, ಅದೊಂದನ್ನೇ ನಂಬಬೇಡಿ. ಅದಕ್ಕೆ ಬ್ರೂವರ್ಸ್ ಈಸ್ಟ್ ಪುಡಿ, ಅಂದರೆ ಬಿಯರ್ ಮಾಡಲು ಬಳಸುವ ಈಸ್ಟನ್ನು ಒಣಗಿಸಿ ಮಾಡಿದ ಪುಡಿ, ಸೇರಿಸಿದರೆ ಬಾತಿಗೆ ಸರಿಹೋಗುತ್ತದೆ. ಒಂದು ಕಿಲೋ ಫೀಡಿಗೆ 50 ಗ್ರಾಂ, ಅಂದರೆ ದೊಡ್ಡ ಚಮಚದಲ್ಲಿ ಸುಮಾರು ಐದು. ಬೇಕರಿಯಲ್ಲಿ ಬ್ರೆಡ್ ಉಬ್ಬಿಸಲು ಹಾಕುವ ಈಸ್ಟ್ ಬೇಡ. ಅದು ಜೀವಂತ ಇರುತ್ತದೆ, ಒಳಗೆ ಹೋಗಿ ಹುಳಿಯುತ್ತದೆ. ಬ್ರೂವರ್ಸ್ ಈಸ್ಟ್ ಸಿಗದಿದ್ದರೆ ಚಿಂತೆ ಇಲ್ಲ, ನೀರಿನಲ್ಲಿ ಗುಳಿಗೆ ಮುಂದುವರಿಸಿ.

ಒಣ ಪುಡಿ ಹಾಗೇ ಹಾಕಬೇಡಿ. ಬೆಚ್ಚಗಿನ ನೀರಲ್ಲಿ ಕಲಸಿ ಅಂಬಲಿಗಿಂತ ಸ್ವಲ್ಪ ಗಟ್ಟಿ ಮಾಡಿ. ಬಾತು ಒಂದು ತುತ್ತು ತಿಂದು ಒಂದು ಗುಟುಕು ನೀರು ಕುಡಿಯುವ ಹಕ್ಕಿ. ಪಕ್ಕದಲ್ಲಿ ನೀರಿಲ್ಲದೆ ಊಟ ಇಟ್ಟರೆ ಗಂಟಲಿಗೆ ಹತ್ತಿಕೊಳ್ಳುತ್ತದೆ. ಬಟ್ಟಲು ಮೂಗಿನ ಹೊಳ್ಳೆ ಮುಳುಗುವಷ್ಟು ಆಳ ಇರಲಿ, ಇಲ್ಲದಿದ್ದರೆ ಮೂಗು, ಕಣ್ಣು ತೊಳೆದುಕೊಳ್ಳಲಾಗದೆ ಅಂಟು ಕಟ್ಟುತ್ತದೆ. ಏಳಲಾರದ ಮರಿಗೆ ದಿನಕ್ಕೆ ಐದಾರು ಸಲ ಕೊಕ್ಕಿನ ಮುಂದೆಯೇ ಇಡಿ. ಉಳಿದದ್ದನ್ನು ಎರಡು ಗಂಟೆಯಲ್ಲಿ ತೆಗೆದುಬಿಡಿ, ಕಲಸಿದ್ದು ಬೇಗ ಹುಳಿಯಾಗುತ್ತದೆ.

ಮೇಲೋಗರಕ್ಕೆ ಬೇಯಿಸಿದ ಮೊಟ್ಟೆ ಒಳ್ಳೆಯದು. ದಿನಕ್ಕೆ ನಾಲ್ಕು ಮರಿಗೆ ಒಂದು ಮೊಟ್ಟೆ ಹಿಸುಕಿ ಹಾಕಿ. ಹಸಿ ಮೊಟ್ಟೆ ಕಲಸಬೇಡಿ. ಹಸಿ ಬಿಳಿ ಭಾಗದಲ್ಲಿ ಅವಿಡಿನ್ ಅನ್ನುವುದು ಇದೆ, ಅದು ಬಯೋಟಿನ್ ವಿಟಮಿನ್ನನ್ನು ಹಿಡಿದಿಟ್ಟುಕೊಳ್ಳುತ್ತದೆ. ಬಯೋಟಿನ್ ಕಡಿಮೆಯಾದರೂ ಕಾಲೇ ಕೆಡುವುದು. ನಿಮ್ಮ ಕಡೆ ಕೆರೆ ಮೀನಿಗೆ ಕೊರತೆ ಇಲ್ಲ. ಸಣ್ಣ ಮೀನು ಬೇಯಿಸಿ, ಮುಳ್ಳು ತೆಗೆದು ಕೊಡಿ, ಅದರಲ್ಲಿ ನಯಾಸಿನ್ ಇದೆ. ಹಸಿ ಮೀನು ಬೇಡ, ಕೆರೆಯ ಕೆಲವು ಮೀನಿನಲ್ಲಿ ಬಿ1 ವಿಟಮಿನ್ ನಾಶ ಮಾಡುವ ಅಂಶ ಇರುತ್ತದೆ. ಬೇಯಿಸಿದರೆ ಅದು ಹೋಗುತ್ತದೆ. ಉಪ್ಪು ಹಾಕಿದ ಒಣಮೀನು ಯಾವ ಕಾರಣಕ್ಕೂ ಬೇಡ, ಎಳೆ ಮರಿ ಆ ಉಪ್ಪು ತಡೆಯುವುದಿಲ್ಲ. ಹಸಿ ಬಟಾಣಿ ಕೊಡಿ ಎಂದು ಎಲ್ಲರೂ ಹೇಳುತ್ತಾರೆ. ಕೊಡಿ, ಮರಿಗಳಿಗೆ ಇಷ್ಟ. ಆದರೆ 100 ಗ್ರಾಂ ಬಟಾಣಿಯಲ್ಲಿ ಇರುವುದು ಸುಮಾರು 2 ಮಿಲಿಗ್ರಾಂ. ಕುಸಿದ ಮರಿಯನ್ನು ಬಟಾಣಿಯೊಂದೇ ಎಬ್ಬಿಸುವುದಿಲ್ಲ. ನುಗ್ಗೆ ಸೊಪ್ಪು, ಕುದುರೆ ಮೆಂತೆ, ಅಜೋಲಾ ಯಾವುದಿದ್ದರೂ ಸಣ್ಣಗೆ ಹೆಚ್ಚಿ ನೀರಿನ ಮೇಲೆ ತೇಲಿಬಿಡಿ. ಸೊಪ್ಪು ತಿನ್ನಲು ಶುರು ಮಾಡಿದ ಮೇಲೆ ಒಂದು ಚಿಟಿಕೆ ಸಣ್ಣ ಮರಳು ಹಾಕಿ, ಅರೆಯಲು ಬೇಕು.

ಇನ್ನು ಶೇಂಗಾ. ಮೇಲೆ ಅಷ್ಟು ಹೊಗಳಿದ್ದೇನೆ, ಈಗ ಅಷ್ಟೇ ಗಟ್ಟಿಯಾಗಿ ಎಚ್ಚರಿಕೆ ಹೇಳಬೇಕು. ದಯವಿಟ್ಟು ಇದನ್ನು ಎರಡು ಸಲ ಓದಿ.

ಶೇಂಗಾ, ಶೇಂಗಾ ಹಿಂಡಿ, ಗೋವಿನಜೋಳ ಇವು ಮೂರೂ ಸರಿಯಾಗಿ ಒಣಗದಿದ್ದರೆ ಬೂಷ್ಟು ಹಿಡಿಯುತ್ತವೆ. ಆ ಬೂಷ್ಟು ಅಫ್ಲಾಟಾಕ್ಸಿನ್ ಅನ್ನುವ ವಿಷ ಮಾಡುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ಗೊತ್ತಾಗದೆ ಸತ್ತವು. ಬಾತು ಮರಿಗಳೂ ಸತ್ತವು. ಕೊನೆಗೆ ಸಿಕ್ಕ ಕಾರಣ, ಬ್ರೆಜಿಲ್‌ನಿಂದ ತಂದ ಬೂಷ್ಟು ಹಿಡಿದ ಶೇಂಗಾ ಹಿಂಡಿ. ಸಾಕುಪ್ರಾಣಿಗಳಲ್ಲಿ ಈ ವಿಷಕ್ಕೆ ಅತಿ ಬೇಗ ಬಲಿಯಾಗುವುದರಲ್ಲಿ ಬಾತು ಮರಿ ಮುಂದಿದೆ. ಎಷ್ಟರಮಟ್ಟಿಗೆ ಅಂದರೆ, ಆ ಕಾಲದಲ್ಲಿ ಆಹಾರದಲ್ಲಿ ಈ ವಿಷ ಇದೆಯೋ ಇಲ್ಲವೋ ನೋಡಲು ಪ್ರಯೋಗಾಲಯದಲ್ಲಿ ಒಂದು ದಿನದ ಬಾತು ಮರಿಗೆ ತಿನ್ನಿಸಿ ಪರೀಕ್ಷೆ ಮಾಡುತ್ತಿದ್ದರು.

ನಾನು ಧಾರವಾಡದಲ್ಲಿ ಕೆಲಸ ಶುರು ಮಾಡಿದ ಹೊಸದರಲ್ಲಿ ಒಬ್ಬ ಹೆಣ್ಣುಮಗಳು ಬುಟ್ಟಿಯಲ್ಲಿ ಹನ್ನೊಂದು ಬಾತು ಮರಿ ತಂದಿದ್ದರು. ಬಲ ಬರಲಿ ಎಂದು ಎಮ್ಮೆಗೆ ತಂದ ಶೇಂಗಾ ಹಿಂಡಿ ನೆನೆಸಿ ಹಾಕಿದ್ದರು. ಮಳೆಗಾಲ, ಚೀಲ ಕೆಳಗಡೆ ತೇವ ಹಿಡಿದಿತ್ತು. ಆ ಹಿಂಡಿಯಿಂದ ಎಮ್ಮೆಗೆ ಏನೂ ಆಗಿರಲಿಲ್ಲ. ಮರಿಗಳು ಮಂಕಾಗಿ, ಮೇವು ಬಿಟ್ಟು, ಎರಡು ದಿನದಲ್ಲಿ ಏಳು ಹೋದವು. ಹೊಟ್ಟೆ ತೆರೆದು ನೋಡಿದಾಗ ಪಿತ್ತಜನಕಾಂಗ ಬಣ್ಣಗೆಟ್ಟು ಊದಿತ್ತು. ಹಿಂಡಿ ಬಗ್ಗೆ ಕೇಳಲು ನನಗೆ ಮೊದಲ ದಿನ ಹೊಳೆಯಲಿಲ್ಲ, ಸೋಂಕು ಎಂದು ಔಷಧ ಕೊಟ್ಟು ಕಳಿಸಿದ್ದೆ. ಒಂದು ದಿನ ಮೊದಲು ಆ ಹಿಂಡಿ ನಿಲ್ಲಿಸಿದ್ದರೆ ಕೆಲವಾದರೂ ಉಳಿಯುತ್ತಿದ್ದವೇನೋ. ಅಂದಿನಿಂದ ಮೇವಿನ ಚೀಲ ನೋಡದೆ ನಾನು ಯಾವ ಮರಿಗೂ ಔಷಧ ಬರೆದಿಲ್ಲ.

ಹಾಗಾಗಿ ಹಿಂಡಿ ಬೇಡವೇ ಬೇಡ. ಮನೆಯಲ್ಲಿ ನೀವೇ ತಿನ್ನುವ ಶೇಂಗಾ ಆರಿಸಿ. ಸುಕ್ಕಾದದ್ದು, ಬಣ್ಣ ತಿರುಗಿದ್ದು, ಕಹಿ ವಾಸನೆ ಬಂದದ್ದು ಬಿಸಾಕಿ. ಹುರಿದರೆ ಸರಿ ಹೋಗುತ್ತದೆ ಎಂದು ತಿಳಿಯಬೇಡಿ, ಈ ವಿಷ ಒಲೆಯ ಬಿಸಿಗೆ ಪೂರ್ತಿ ಹೋಗುವುದಿಲ್ಲ. ಒಳ್ಳೆಯ ಕಾಳನ್ನು ಹುರಿದು, ಸಿಪ್ಪೆ ತೆಗೆದು, ನುಣ್ಣಗೆ ಪುಡಿ ಮಾಡಿ ದಿನಕ್ಕೆ ನಾಲ್ಕು ಮರಿಗೆ ಸೇರಿ ಒಂದು ಚಮಚ ಕಲಸಿ. ಉಪ್ಪು, ಖಾರ ಹಾಕಿದ ಚಟ್ನಿಪುಡಿ ಅಲ್ಲ, ಬರೀ ಶೇಂಗಾ. ಸ್ವಲ್ಪವಾದರೂ ಅನುಮಾನ ಬಂದರೆ ಶೇಂಗಾ ಬಿಟ್ಟುಬಿಡಿ, ಗುಳಿಗೆ ಆ ಕೆಲಸ ಮಾಡುತ್ತದೆ. ನಿಮ್ಮ ಗೋವಿನಜೋಳದ ಹಿಟ್ಟಿನ ಡಬ್ಬಿಯನ್ನೂ ಮೂಸಿ ನೋಡಿ. ಮಳೆಗಾಲದ ಹಿಟ್ಟು ಮುಗ್ಗಲು ವಾಸನೆ ಬಂದರೆ ಚೆಲ್ಲಿ, ಕೋಳಿಗೂ ಹಾಕಬೇಡಿ.

ಕೂತ ಜಾಗವೂ ಕಾಲು ಕೆಡಿಸುತ್ತದೆ. ಪೇಪರ್ ಜಾರುತ್ತದೆ, ಎದ್ದೇಳಲು ನೋಡಿದ ಪ್ರತಿ ಸಲ ಕಾಲು ಅತ್ತ ಇತ್ತ ಸೀಳಿಕೊಳ್ಳುತ್ತದೆ. ಇವತ್ತೇ ತೆಗೆದು ಗೋಣಿ ತಟ್ಟು ಅಥವಾ ಹಳೆ ಟವೆಲ್ ಹಾಸಿ. ದಿನಾ ಬದಲಿಸಿ, ಒದ್ದೆ ಇರಬಾರದು. ಹೊಟ್ಟು ಹಾಸುವುದಾದರೆ ಬೂಷ್ಟು ವಾಸನೆ ಇಲ್ಲದ ಒಣ ಭತ್ತದ ಹೊಟ್ಟು. ಎಲ್‌ಇಡಿ ಬೆಳಕು ಕೊಡುತ್ತದೆ, ಶಾಖ ಕೊಡುವುದಿಲ್ಲ. ಹಳೆ ತಂತಿ ಬಲ್ಬ್ 40 ಅಥವಾ 60 ವ್ಯಾಟ್ ತಂದು ಡಬ್ಬಿಯ ಒಂದು ಮೂಲೆಗೆ ಒಂದೂವರೆ ಅಡಿ ಎತ್ತರದಲ್ಲಿ ತೂಗುಹಾಕಿ, ರಟ್ಟಿಗೆ ತಾಗಬಾರದು. ಮೊದಲ ವಾರ ಮರಿಗೆ 32 ಡಿಗ್ರಿ ಬೇಕು, ಆಮೇಲೆ ವಾರಕ್ಕೆ 3 ಡಿಗ್ರಿ ಇಳಿಸುತ್ತಾ ಹೋಗಬೇಕು. ಈಗ ಉಳಿದ ಮೂರಕ್ಕೆ 26 ಸಾಕು, ಕುಸಿದ ಮರಿಗೆ 29, 30 ಇರಲಿ. ಸೆಖೆಯಾದರೆ ಬಾಯಿ ತೆರೆದು ಏದುಸಿರು ಬಿಡುತ್ತದೆ, ಆದರೆ ಈ ಮರಿ ತಾನೇ ದೂರ ಸರಿಯಲಾರದು. ನೀವೇ ನೋಡಿ ಸರಿಸಬೇಕು.

ಕುಸಿದ ಮರಿಯನ್ನು ಬೇರೆ ಕೋಣೆಗೆ ಹಾಕಬೇಡಿ. ಒಂಟಿಯಾದ ಬಾತು ಮರಿ ಕೂಗಿ ಕೂಗಿ ಊಟ ಬಿಡುತ್ತದೆ. ಮಧ್ಯೆ ಒಂದು ಜಾಲರಿ ಇಟ್ಟು, ಉಳಿದ ಮೂರು ಮರಿ ಅದರ ಕಣ್ಣಿಗೆ ಕಾಣುವಂತೆ ಇರಿಸಿ. ತುಳಿಯಬಾರದು, ಅಷ್ಟೇ.

ಮೂರನೇ ದಿನದಿಂದ, ಮರಿ ಚುರುಕಾಗಿದ್ದರೆ, ನೀರಿನ ವ್ಯಾಯಾಮ ಮಾಡಿಸಿ. ಅಗಲವಾದ ಟಬ್ಬಿನಲ್ಲಿ ಉಗುರು ಬೆಚ್ಚಗಿನ ನೀರು ಹಾಕಿ. ಹೊಟ್ಟೆ ಕೆಳಗೆ ಅಂಗೈ ಕೊಟ್ಟು ತೇಲಿಸಿ. ಮೈ ಭಾರ ಇಲ್ಲದ ಕಾರಣ ಕಾಲು ತಾನೇ ಆಡಿಸುತ್ತದೆ. ಐದು ನಿಮಿಷ, ದಿನಕ್ಕೆ ಎರಡು ಸಲ. ಈ ಕೆಲಸ ಮಗಳಿಗೆ ಕೊಡಿ, ನೀವು ಪಕ್ಕದಲ್ಲಿ ಕೂತುಕೊಳ್ಳಿ. ಒಂದು ಕ್ಷಣವೂ ಬಿಟ್ಟು ಹೋಗಬಾರದು. ತಾಯಿ ಬಾತಿನ ಕೆಳಗೆ ಬೆಳೆದ ಮರಿಯ ಮೈಗೆ ತಾಯಿಯ ಎಣ್ಣೆ ಹತ್ತಿರುತ್ತದೆ, ಪೆಟ್ಟಿಗೆಯಲ್ಲಿ ಬೆಳೆದ ಮರಿ ಬೇಗ ನೆನೆದು ಚಳಿ ಹಿಡಿಯುತ್ತದೆ. ಮುಗಿದ ಕೂಡಲೇ ಒರೆಸಿ ಬಲ್ಬಿನ ಕೆಳಗೆ ಒಣಗಿಸಿ. ಮರಿ ಮುಟ್ಟಿದ ಮೇಲೆ ಮಗಳು ಸೋಪು ಹಚ್ಚಿ ಕೈ ತೊಳೆಯಲಿ, ಮುದ್ದು ಬಂತು ಅಂತ ಮುತ್ತು ಕೊಡುವುದು ಬೇಡ. ಆರೋಗ್ಯವಾಗಿ ಕಾಣುವ ಬಾತಿನ ಮೈಯಲ್ಲೂ ವಾಂತಿ ಭೇದಿ ತರುವ ಸಾಲ್ಮೊನೆಲ್ಲಾ ರೋಗಾಣು ಇರಬಹುದು.

ಆ್ಯಂಟಿಬಯಾಟಿಕ್ ಕೇಳಿದ್ದೀರಿ. ಈಗ ಬೇಡ. ಕೊರತೆಯ ಕಾಲಿಗೆ ಅದು ಏನೂ ಮಾಡುವುದಿಲ್ಲ. ಆದರೆ ಕೆಲವು ಲಕ್ಷಣ ಕಂಡರೆ ಮನೆಮದ್ದು ನಿಲ್ಲಿಸಿ ವೈದ್ಯರ ಹತ್ತಿರ ಹೋಗಲೇಬೇಕು. ಮರಿ ಊಟ ಬಿಟ್ಟರೆ. ತಲೆ ನಡುಗಿದರೆ, ಕುತ್ತಿಗೆ ತಿರುಚಿದರೆ, ಹಸಿರು ಭೇದಿ, ಕಣ್ಣು ಮೂಗಿನಿಂದ ಸೋರಿಕೆ ಇದ್ದರೆ. ಇವು ಸೋಂಕಿನ ಗುರುತು, ಆಗ ಆ್ಯಂಟಿಬಯಾಟಿಕ್ ಬೇಕಾಗಬಹುದು. ತಲೆ ಹಿಂದಕ್ಕೆ ಸೆಟೆದು, ಕಾಲು ಒದೆದುಕೊಂಡು ಒಂದರ ಹಿಂದೆ ಒಂದು ಮರಿ ಕೆಲವೇ ಗಂಟೆಯಲ್ಲಿ ಸತ್ತರೆ ಅದು ಬಾತಿನ ವೈರಲ್ ಹೆಪಟೈಟಿಸ್, ಅಂದರೆ ವೈರಸ್‌ನಿಂದ ಬರುವ ಪಿತ್ತಜನಕಾಂಗದ ಕಾಯಿಲೆ ಇರಬಹುದು. ಕುತ್ತಿಗೆ ಬಟ್ಟೆಯ ಹಾಗೆ ಜೋತು ಬಿದ್ದರೆ ಅದು ಬಾಟುಲಿಸಂ ಇರಬಹುದು, ಕೊಳೆತ ನೀರಿನಲ್ಲಿ ಹುಟ್ಟುವ ವಿಷದಿಂದ ಬರುವಂಥದ್ದು. ಇವೆಲ್ಲ ನೀವು ಬರೆದದ್ದಕ್ಕೆ ಹೊಂದುವುದಿಲ್ಲ, ತಿಳಿದಿರಲಿ ಅಂತ ಹೇಳಿದೆ.

ಕಾಲನ್ನು ಒಮ್ಮೆ ನೀವೇ ಮುಟ್ಟಿ ನೋಡಿ. ಮೊದಲು ಬೆರಳು, ಪಾದಕ್ಕೆ ದಾರ, ಕೂದಲು ಸುತ್ತಿಕೊಂಡಿದೆಯಾ, ಮುಳ್ಳು ಚುಚ್ಚಿದೆಯಾ ನೋಡಿ. ಬೆರಳುಗಳು ಒಳಗೆ ಮುಷ್ಟಿ ಹಿಡಿದಂತೆ ಮಡಚಿದ್ದರೆ ಬಿ2 ಕೊರತೆ, ಅದೇ ಬಿ ಕಾಂಪ್ಲೆಕ್ಸ್ ಅದಕ್ಕೂ ಆಗುತ್ತದೆ. ಆಮೇಲೆ ದಪ್ಪ ಗಂಟಿನ ಹಿಂಭಾಗ ಬೆರಳಾಡಿಸಿ. ಅಲ್ಲಿ ಹಗ್ಗದಂಥ ಒಂದು ನರ, ಸ್ನಾಯುರಜ್ಜು ಅನ್ನುತ್ತಾರೆ, ನಡುವೆ ಓಡುತ್ತದೆ. ಒಂದು ಕಾಲಿನಲ್ಲಿ ಅದು ಪಕ್ಕಕ್ಕೆ ಸರಿದಿದ್ದರೆ, ಕಾಲು ಪಕ್ಕಕ್ಕೆ ತಿರುಚಿ ನೇರ ಆಗದಿದ್ದರೆ, ಅದು ಮ್ಯಾಂಗನೀಸ್, ಕೋಲಿನ್, ಬಯೋಟಿನ್ ಕೊರತೆಯಿಂದ ಬರುವ ಬೇರೆ ತೊಂದರೆ. ಸರಿದ ಮೇಲೆ ವಿಟಮಿನ್ ಅದನ್ನು ವಾಪಸ್ ಕೂರಿಸುವುದಿಲ್ಲ. ಕೂಡಲೇ ವೈದ್ಯರು ಕೂರಿಸಿ ಕಟ್ಟು ಹಾಕಿದರೆ ಕೆಲವೊಮ್ಮೆ ನಿಲ್ಲುತ್ತದೆ. ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಗೆ ಡಬ್ಬಿಯ ಜೊತೆಗೆ ಹಾಕುತ್ತಿರುವ ಮೇವಿನ ಒಂದು ಮುಷ್ಟಿಯನ್ನೂ ತೆಗೆದುಕೊಂಡು ಹೋಗಿ. ಪಶುಪಾಲನಾ ಇಲಾಖೆಯ ಸಹಾಯವಾಣಿ 1962, ಅಲ್ಲಿಯೂ ಕೇಳಬಹುದು.

ಎಷ್ಟು ದಿನ ಕಾಯಬೇಕು? ನಯಾಸಿನ್ ಕೊರತೆಯೇ ಆಗಿದ್ದರೆ ಎರಡು, ಮೂರು ದಿನದಲ್ಲಿ ಏನಾದರೂ ಬದಲಾವಣೆ ಕಾಣುತ್ತದೆ. ಒಮ್ಮೆಲೇ ಓಡುವುದಿಲ್ಲ. ಮೊದಲು ರೆಕ್ಕೆ ಊರುವುದು ಕಡಿಮೆಯಾಗುತ್ತದೆ. ಆಮೇಲೆ ನೀರಲ್ಲಿ ಜೋರಾಗಿ ಒದೆಯುತ್ತದೆ. ಆಮೇಲೆ ಎರಡು ಹೆಜ್ಜೆ ಇಟ್ಟು ಕೂರುತ್ತದೆ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ದಿನಾ ಒಂದೇ ಹೊತ್ತಿಗೆ ತೂಗಿ ಬರೆದಿಡಿ. ತೂಕ ಏರುತ್ತಿದ್ದರೆ ಸರಿದಾರಿಯಲ್ಲಿದೆ. ಗಂಟಿನ ದಪ್ಪ ಇಳಿಯಲು ವಾರಗಳು ಬೇಕು, ಮೂಳೆ ಬಾಗಿ ಗಟ್ಟಿಯಾಗಿದ್ದರೆ ಸ್ವಲ್ಪ ಸೊಟ್ಟ ಉಳಿಯಬಹುದು. ಸೊಟ್ಟ ಕಾಲಿನ ಬಾತು ಚೆನ್ನಾಗಿ ಈಜುತ್ತದೆ, ಮೊಟ್ಟೆ ಇಡುತ್ತದೆ, ನಾನು ನೋಡಿದ್ದೇನೆ. ಎದ್ದು ನಿಂತಿತು ಅಂತ ಗುಳಿಗೆ ಬಿಡಬೇಡಿ. ಎಂಟರಿಂದ ಹತ್ತು ವಾರ ಆಗುವವರೆಗೆ ನೀರಿಗೆ ಅಥವಾ ಮೇವಿಗೆ ನಯಾಸಿನ್ ಮುಂದುವರಿಯಬೇಕು. ಮಧ್ಯದಲ್ಲಿ ಬಿಟ್ಟವರ ಮರಿಗಳು ಮತ್ತೆ ಕೂತದ್ದನ್ನೂ ನೋಡಿದ್ದೇನೆ. ಐದು ದಿನ ಆದರೂ ಏನೇನೂ ಬದಲಾವಣೆ ಇಲ್ಲದಿದ್ದರೆ ನನ್ನ ಊಹೆ ತಪ್ಪಿರಬಹುದು, ಆಗ ವೈದ್ಯರು ಕಣ್ಣಾರೆ ನೋಡಲೇಬೇಕು. ಬಿ ಕಾಂಪ್ಲೆಕ್ಸ್ ಇಂಜೆಕ್ಷನ್ ಕೊಡಬೇಕೋ ಬೇಡವೋ ಅವರೇ ಹೇಳುತ್ತಾರೆ.

ಇನ್ನು ಮಗಳ ಪ್ರಶ್ನೆ. ಹೋಗುತ್ತದೆ, ಆದರೆ ಈಗಲ್ಲ. ಏಳೆಂಟು ವಾರಕ್ಕೆ ಎಳೆ ತುಪ್ಪಳ ಹೋಗಿ ಪೂರ್ತಿ ಗರಿ ಬರುತ್ತದೆ. ಆಗ ನಾಲ್ಕನ್ನೂ ಒಟ್ಟಿಗೆ, ಬಿಸಿಲಿದ್ದ ಹೊತ್ತಿನಲ್ಲಿ ನೀರಿಗೆ ಬಿಡಬಹುದು. ಮನೆ ಹತ್ತಿರದ ಸಣ್ಣ ಹೊಂಡ ಇದ್ದರೆ ಅದೇ ಒಳ್ಳೆಯದು. ಚಳಿಗಾಲದಲ್ಲಿ ನಮ್ಮ ಕೆರೆಗಳಿಗೆ ದೂರದ ಹಕ್ಕಿಗಳು ಬರುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ಮಗಳಿಗೆ ಒಮ್ಮೆ ತೋರಿಸಿಕೊಂಡು ಬನ್ನಿ, ಖುಷಿಪಡುತ್ತಾಳೆ. ಆದರೆ ಸಾಕಿದ ಬಾತು ಆ ಹಕ್ಕಿಗಳ ಜೊತೆ ಒಂದೇ ನೀರಿನಲ್ಲಿ ಇರಬಾರದು, ಹಕ್ಕಿಜ್ವರ ದಾಟುವ ಭಯ ಇದೆ. ಅಂಥ ಕೆರೆಯಾದರೆ ವಲಸೆ ಹಕ್ಕಿಗಳು ಹೊರಟುಹೋದ ಮೇಲೆ ಬಿಡಿ. ಮೊದಲ ದಿನ ಹತ್ತು ನಿಮಿಷ ಸಾಕು, ದಡದಲ್ಲಿ ಒಂದು ಒಣ ಟವೆಲ್ ಇಟ್ಟುಕೊಂಡು ಮಗಳು ಕಾಯುತ್ತಿರಲಿ.